ಫಾಲ್ಕೊಗೆ ಹೆಜ್ಜೆ ಕಲಿಸಲು ಹೋಗಿದ್ದೆವು

ಗಂಗಾವತಿ

ನಮ್ಮ ಕಡೆಯವರು ಪರದೇಶಕ್ಕೆ ಹೋದರೆ ಓದಲು ಹೋಗುತ್ತಾರೆ, ಇಲ್ಲವೇ ಅರಬರ ನಾಡಿಗೆ ದುಡಿಯಲು ಹೋಗುತ್ತಾರೆ. ನಾನು ಹೋದದ್ದು ಪಶ್ಚಿಮ ಜರ್ಮನಿಯ ಒಂದು ಕುದುರೆಗೆ ಕಾಲು ಬದಲಿಸುವುದನ್ನು ಕಲಿಸಲು. ಇದನ್ನು ಹೇಳಿದಾಗಲೆಲ್ಲ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಳೆ ಬೆಳೆಯ ಮಾತು ತೆಗೆಯುತ್ತಾರೆ.

ಕಲಿಸಬೇಕಾದವನು ನಾನಲ್ಲ. ನಾನು ಆಗ ಗಂಗಾವತಿಯ ದನದ ದವಾಖಾನೆಯಲ್ಲಿ ಡಾಕ್ಟರ್. ಹುಟ್ಟೂರು ಯಲಬುರ್ಗಾ ತಾಲೂಕು. ಕುದುರೆಯ ವಿಷಯದಲ್ಲಿ ನನ್ನ ಪಾಂಡಿತ್ಯವೆಂದರೆ ಸೂಜಿ ಚುಚ್ಚಿ ತಕ್ಷಣ ಹಿಂದಕ್ಕೆ ಜಿಗಿಯುವುದು. ಕಲಿಸುವವರು ರಾಜಾಸಾಬರು. ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ಕುಣಿಯುವ ಕುದುರೆಗಳನ್ನು ತಯಾರು ಮಾಡುವುದರಲ್ಲಿ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆ ಅವರದೇ ಹೆಸರು. ಅವರ ಹೆಣ್ಣು ಕುದುರೆ ಶಬನಮ್ ಹಲಗೆ ವಾದ್ಯದ ಏಟಿಗೆ ಎಡಗಾಲು ಬಲಗಾಲು ಬದಲಿಸತೊಡಗಿದರೆ ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ. ಕೆಲವು ಮದುಮಗರಿಗೆ ಅದರಿಂದ ಉಪಕಾರವೇ ಆಗುತ್ತಿತ್ತು.

ಹೆಲ್ಗಾ ಎಂಬ ಜರ್ಮನ್ ಹೆಣ್ಣುಮಗಳು ಹಂಪಿ ನೋಡಲು ಬಂದವಳು. ಎಂಬತ್ತರ ದಶಕದ ಆರಂಭದ ಆ ದಿನಗಳಲ್ಲಿ ಹಂಪಿಗೆ ಬಂದ ಬಿಳಿಯರು ಹರಗೋಲಿನಲ್ಲಿ ಹೊಳೆ ದಾಟಿ ವಿರೂಪಾಪುರಗಡ್ಡೆಗೆ ಬರುತ್ತಿದ್ದರು. ಭತ್ತದ ಗದ್ದೆಯ ಬದುವಿನ ಮೇಲೆ ಕಣ್ಣು ಮುಚ್ಚಿ ಕೂತು ಶಾಂತಿ ಹುಡುಕುತ್ತಿದ್ದರು. ಗದ್ದೆಯ ಮಾಲೀಕ ಬಂದು ಬದುವು ಬಿಟ್ಟು ಏಳಿರೆಂದು ಕೂಗುವವರೆಗೆ ಅದು ಸಿಗುತ್ತಲೂ ಇತ್ತು. ಹೆಲ್ಗಾಗೆ ಎರಡೇ ದಿನಕ್ಕೆ ಶಾಂತಿ ಸಾಕಾಗಿ ಗಂಗಾವತಿಯ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಎದುರು ಒಂದು ಮೆರವಣಿಗೆ, ಅದರಲ್ಲಿ ಶಬನಮ್. ಆಕೆ ರಸ್ತೆಯ ನಡುವೆಯೇ ಕುಕ್ಕರಗಾಲಲ್ಲಿ ಕೂತು ಕುದುರೆಯ ಕಾಲುಗಳನ್ನೇ ನೋಡತೊಡಗಿದಳು. ಬೀಗರು ಗಾಬರಿಯಾದರು. ಇಂಗ್ಲಿಷೂ ಪ್ರಾಣಿಯೂ ಎರಡೂ ಗೊತ್ತಿರುವವನೆಂದು ನನ್ನನ್ನು ಎಳೆದುಕೊಂಡು ಬಂದರು.

ಅವಳ ಕಷ್ಟ ಹೀಗಿತ್ತು. ಅವಳ ಊರಿನಲ್ಲಿ ಡ್ರೆಸಾಜ್ ಎಂಬ ಒಂದು ವಿದ್ಯೆ ಇದೆ. ಕುದುರೆಯನ್ನು ಎಲ್ಲಿಗೂ ಹೋಗದಂತೆ ಬಹಳ ಚೆಂದವಾಗಿ ಓಡಿಸುವುದು. ಕುದುರೆ ನೆಗೆನೆಗೆದು ಓಡುವಾಗ ಯಾವುದೋ ಒಂದು ಬದಿಯ ಕಾಲು ಮುಂದಿರುತ್ತದೆಯಷ್ಟೆ. ನಾಲ್ಕೂ ಕಾಲು ನೆಲ ಬಿಟ್ಟ ಆ ಒಂದು ಕ್ಷಣದಲ್ಲಿ, ಗಾಳಿಯಲ್ಲೇ, ಬಲದಿಂದ ಎಡಕ್ಕೆ ಬದಲಿಸಿಬಿಡಬೇಕು, ಮುಂಗಾಲೂ ಹಿಂಗಾಲೂ ಒಟ್ಟಿಗೆ. ಇದಕ್ಕೆ ಫ್ಲೈಯಿಂಗ್ ಚೇಂಜ್ ಎನ್ನುತ್ತಾರೆ. ಹೆಲ್ಗಾಳ ಕುದುರೆ ಫಾಲ್ಕೊ ಮುಂಗಾಲನ್ನು ಬದಲಿಸಿ ಹಿಂಗಾಲನ್ನು ಮರೆಯುತ್ತಿತ್ತು. ಆಮೇಲೆ ಮರೆತದ್ದಕ್ಕೆ ತಾನೇ ಹೆದರಿ ಒದೆಯುತ್ತಿತ್ತು. ಕುದುರೆ ಅವಳ ಸೋದರಮಾವನದು. ತಾಯಿ ಸತ್ತ ಮರಿಯನ್ನು ಬಾಟಲಿ ಹಾಲು ಕುಡಿಸಿ ಸಾಕಿದವಳು ಇವಳು. ಬರುವ ಸುಗ್ಗಿಯೊಳಗೆ ಅದು ಕಲಿಯದಿದ್ದರೆ ಮಾರಿಬಿಡುವುದಾಗಿ ಮಾವ ಹೇಳಿದ್ದ. ಕೊಳ್ಳುವವರು ಸಿಗದಿದ್ದರೆ ಮಾಂಸದ ಅಂಗಡಿ. ಖರ್ಚೆಲ್ಲ ತನ್ನದು, ಶಬನಮ್‌ಗೆ ಕಲಿಸಿದವರು ಬಂದು ಫಾಲ್ಕೊಗೂ ಕಲಿಸಿಕೊಡಬೇಕು ಎಂದು ಕೇಳಿದಳು.

ನಾನು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ರಾಜಾಸಾಬರು ಬಾಯಲ್ಲಿದ್ದ ಎಲೆ ಉಗುಳಿದರು.

"ಕುದುರಿ ತಿಂತಾರೇನ್ರೀ ಡಾಕ್ಟರ್ ಸಾಬ್?"

"ತಿಂತಾರಂತರಿ."

"ಹಂಗಾರ ಹೋಗೂಣು," ಎಂದರು. ಜರ್ಮನಿ ಎಲ್ಲಿದೆ, ಎಷ್ಟು ದೂರ, ಒಂದನ್ನೂ ಕೇಳಲಿಲ್ಲ. ಮುನಿರಾಬಾದಿಗೆ ಹೋಗಿ ಬರುವವರ ಹಾಗೆ ಹೆಗಲ ಮೇಲಿನ ಟವೆಲ್ಲು ಕೊಡವಿದರು.

ವಿಮಾನದ ಊರುಗಳು

ರಜೆಯ ಅರ್ಜಿಯಲ್ಲಿ ನಾನು 'ಕುದುರೆಗೆ ಕಾಲು ಬದಲಿಸಲು ಕಲಿಸುವ ಸಲುವಾಗಿ' ಎಂದು ಸತ್ಯವನ್ನೇ ಬರೆದೆ. ನನ್ನ ಮೇಲಿನವರು ಅದನ್ನು ಎರಡು ಸಲ ಓದಿ, ಅರ್ಜಿ ವಾಪಸ್ಸು ಕೊಟ್ಟು, 'ಅನಾರೋಗ್ಯ' ಎಂದು ಬರೆದುಕೊಂಡು ಬರಲು ಹೇಳಿದರು. ನನ್ನನ್ನು ನೋಡಿದ ರೀತಿಯಿಂದ ಅವರಿಗೆ ಅದೇ ನಿಜವೆಂದು ಅನ್ನಿಸಿದ್ದು ಗೊತ್ತಾಗುತ್ತಿತ್ತು.

ರಾಜಾಸಾಬರು ಜರ್ಮನಿಯ ಕುದುರೆಗೆಂದು ಒಂದು ಚೀಲ ಹುರಳಿ ಹೊತ್ತು ತಂದಿದ್ದರು. ಹುರಳಿ ತಿನ್ನದ ಕುದುರೆಯ ತಲೆಗೆ ಏನೂ ಹತ್ತುವುದಿಲ್ಲ ಎಂಬುದು ಅವರ ಸಿದ್ಧಾಂತ. ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಚೀಲ ಬಿಚ್ಚಿ, ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಒಡ್ಡಿ, ಇನ್ನೊಬ್ಬ ಅಧಿಕಾರಿಯನ್ನು ಕರೆದ. ಆತ ಮೂರನೆಯವನನ್ನು ಕರೆದ. ಒಂದು ಹುರಳಿ ಕಾಳಿನ ಸುತ್ತ ಮೂವರು ಇಸ್ತ್ರಿ ಮಾಡಿದ ಗಂಡಸರು ನಿಂತು ಗಂಭೀರವಾಗಿ ಚರ್ಚಿಸಿದ್ದನ್ನು ನಾನು ಬೇರೆ ಯಾವ ದೇಶದಲ್ಲೂ ಕಂಡಿಲ್ಲ. ಬೇರೆ ಯಾವ ದೇಶಕ್ಕೂ ನಾನು ಹೋಗಿಲ್ಲವೆನ್ನುವುದೂ ನಿಜ.

"ಏನಂತಾರ್ರಿ?" ಎಂದು ರಾಜಾಸಾಬರು ಕೇಳಿದರು.

"ಬೀಜ ಒಳಗ ಬಿಡಂಗಿಲ್ಲಂತರಿ. ರೋಗ ಬರತೈತಂತ."

"ನಮ್ಮ ಹುರಳಿಯಿಂದ ಇವರಿಗೆ ರೋಗ ಬರತೈತಿ? ಇವರ ಕುದುರಿ ಇವರ ಬಾಯಿಗೆ ಹೋದ್ರ ಬರಂಗಿಲ್ಲ?"

ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ದುಭಾಷಿಯ ಕೆಲಸದಲ್ಲಿ ಅರ್ಧ ಭಾಗ ಬಾಯಿ ಮುಚ್ಚಿಕೊಂಡಿರುವುದು ಎಂದು ಅವತ್ತೇ ಕಲಿತೆ. ಉಳಿದರ್ಧವನ್ನು ಕಲಿತಿದ್ದರೆ ಚೆನ್ನಾಗಿತ್ತು.

ಲಾಯ, ಮೊದಲ ದಿನ

ಹೆಲ್ಗಾಳ ಊರು ಉತ್ತರದ ಬಯಲಿನಲ್ಲಿತ್ತು. ನೆಲ ನಮ್ಮ ಕುಷ್ಟಗಿಯ ಎರೆಹೊಲದ ಹಾಗೆಯೇ ಸಪಾಟು. ಆದರೆ ಯಾರೋ ಬೆಳಿಗ್ಗೆ ಎದ್ದು ಹುಲ್ಲನ್ನೆಲ್ಲ ಬಾಚಿಟ್ಟ ಹಾಗಿತ್ತು. ಲಾಯದ ನೆಲ ನನ್ನ ಸರ್ಕಾರಿ ಕ್ವಾರ್ಟರ್ಸಿಗಿಂತ ಸ್ವಚ್ಛ. ಪ್ರತಿ ಕುದುರೆಯ ಬಾಗಿಲಿಗೆ ಹೆಸರಿನ ಹಲಗೆ, ಅದರ ಕೆಳಗೆ ಟೈಮ್ ಟೇಬಲ್: ಎಷ್ಟು ಗಂಟೆಗೆ ತಿನ್ನಬೇಕು, ಎಷ್ಟು ಗಂಟೆಗೆ ನಡೆಯಬೇಕು, ಎಷ್ಟು ಗಂಟೆಗೆ ಸುಮ್ಮನಿರಬೇಕು. ಕುದುರೆಗೆ ಬೇರೆ ಹಲ್ಲಿನ ಡಾಕ್ಟರು. ನಮ್ಮ ತಾಲೂಕಿನಲ್ಲಿ ಆಗ ಮನುಷ್ಯರಿಗೂ ಒಬ್ಬನಿರಲಿಲ್ಲ.

ಹೆಲ್ಗಾಳ ಮಾವ ಹೈನ್ರಿಷ್ ಎಪ್ಪತ್ತರ ಮುದುಕ. ಕೈ ಕುಲುಕಿದ ಮೇಲೆ ಗಡಿಯಾರ ನೋಡಿಕೊಂಡ, ನಾವು ಹನ್ನೊಂದು ನಿಮಿಷ ತಡವಾಗಿದ್ದೆವು. ಗಂಗಾವತಿಯಿಂದ ಹೊರಟು ಹನ್ನೊಂದೇ ನಿಮಿಷ ತಡವಾಗಿ ಜರ್ಮನಿ ಮುಟ್ಟಿದ್ದು ನನಗಂತೂ ಪವಾಡವೆನ್ನಿಸಿತ್ತು. ಅವನಿಗೆ ಹಾಗೆ ಕಾಣಲಿಲ್ಲ.

ಫಾಲ್ಕೊ ಕಂದು ಬಣ್ಣದ ದೊಡ್ಡ ಕುದುರೆ. ರಾಜಾಸಾಬರು ಒಳಗೆ ಹೋಗಿ, ಅದರ ಮೂಗಿನ ಹತ್ತಿರ ತಮ್ಮ ಮೂಗು ಇಟ್ಟು, ಬಹಳ ಹೊತ್ತು ಉಸಿರಾಡುತ್ತ ನಿಂತರು. ಹೈನ್ರಿಷ್ ನನ್ನ ಕಡೆ ತಿರುಗಿ ಇದು ಏನೆಂದು ಕೇಳಿದ. ಪರಿಚಯ ಮಾಡಿಕೊಳ್ಳುತ್ತಿದ್ದಾರೆ ಎಂದೆ. ಅವನು ಮತ್ತೆ ಗಡಿಯಾರ ನೋಡಿಕೊಂಡ.

"ಕುದುರಿ ಛಲೋ ಐತ್ರಿ," ಎಂದರು ರಾಜಾಸಾಬರು ಹೊರಗೆ ಬಂದು. "ಯಾರೋ ಹೆದರಿಸ್ಯಾರ ಅಷ್ಟ."

ಎರಡನೆಯ ವಾರ: ಬಕೆಟ್ಟು

ರಾಜಾಸಾಬರು ಕುದುರೆ ಕಲಿಸುವುದು ನೆಲದ ಮೇಲೆ ನಿಂತು, ಉದ್ದನೆಯ ಹಗ್ಗ ಹಿಡಿದು, ಹಲಗೆ ಬಾರಿಸಿ. ಹಲಗೆ ತಂದಿರಲಿಲ್ಲ, ಹುರಳಿಯ ಚೀಲಕ್ಕೇ ಕೈ ತುಂಬಿತ್ತಲ್ಲ. ಅದಕ್ಕೆ ಮೇವಿನ ತಗಡಿನ ಬಕೆಟ್ಟನ್ನು ಬೋರಲು ಹಾಕಿಕೊಂಡರು. ಹತ್ತು ದಿನ ಆ ಬಯಲಿನಲ್ಲಿ ಗಂಗಾವತಿಯ ಮದುವೆ ನಡೆಯಿತು. ಹನ್ನೊಂದನೆಯ ದಿನ ಏಟು ಬದಲಾದ ತಕ್ಷಣ ಫಾಲ್ಕೊ ಗಾಳಿಯಲ್ಲೇ ಕಾಲು ಬದಲಿಸಿತು, ಮುಂದಿನದೂ ಹಿಂದಿನದೂ ಒಟ್ಟಿಗೆ. ಹೆಲ್ಗಾ ರಾಜಾಸಾಬರನ್ನು ಅಪ್ಪಿಕೊಂಡಳು. ಅವರು ಎರಡೂ ಕೈ ಮೇಲೆತ್ತಿ, ನನ್ನನ್ನು ಸಾಕ್ಷಿಯಾಗಿ ನೋಡುತ್ತ ನಿಂತರು.

ಆಮೇಲೆ ಆಕೆ ಅವರನ್ನು ಬಿಟ್ಟು ಒಂದು ಮಾತು ಹೇಳಿದಳು. ಡ್ರೆಸಾಜ್ ಸ್ಪರ್ಧೆಯಲ್ಲಿ ತೀರ್ಪುಗಾರರ ಮುಂದೆ ಓಡಿಸುವ ದಿನ ಸದ್ದು ಇರುವಂತಿಲ್ಲ. ಸವಾರ ನಾಲಿಗೆಯಿಂದ ಟಕ್ ಎಂದರೂ ಅಂಕ ಹೋಗುತ್ತದೆ.

"ಬಾರಸಲಾರದ ಕುಣೀಬೇಕ?" ರಾಜಾಸಾಬರು ನಂಬಲಿಲ್ಲ. "ಮತ್ತ ಜನ ಏನು ಕೇಳತಾರ?"

"ಏನೂ ಕೇಳಂಗಿಲ್ಲರಿ. ಸುಮ್ಮನ ಕುಂತು ನೋಡತಾರ."

"ಮಯ್ಯತ್ತಿಗೆ, ಸತ್ತವ್ರ ಮುಂದ ಕುಂತಂಗ?"

ಈ ತಪ್ಪು ನಮ್ಮ ಕಡೆಯವರೇ ಮಾಡಬಹುದಾದದ್ದು. ಸದ್ದಿಲ್ಲದೆ ಕುಣಿಯುವುದು ಅಂತ ಒಂದಿದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಫಾಲ್ಕೊ ಈಗ ಹೆಲ್ಗಾಳ ಕಾಲಿನ ಸೂಚನೆಗೆ ಕಿವಿಗೊಡುತ್ತಿರಲಿಲ್ಲ, ಬಕೆಟ್ಟಿಗೆ ಕಾಯುತ್ತಿತ್ತು. ಮುಂದಿನ ಭಾನುವಾರ ಆಕೆ ಅದನ್ನು ಚರ್ಚಿನ ಪಕ್ಕದ ಹುಲ್ಲುಗಾವಲಿನಲ್ಲಿ ಓಡಿಸುತ್ತಿದ್ದಾಗ ಗಂಟೆ ಬಾರಿಸಿತು. ಫಾಲ್ಕೊ ಪ್ರತಿ ಗಂಟೆಗೂ ನಿಷ್ಠೆಯಿಂದ ಒಂದೊಂದು ಸಲ ಕಾಲು ಬದಲಿಸಿತು. ಆರನೆಯದಕ್ಕೆ ಹೆಲ್ಗಾ ಕೆಸರಿನಲ್ಲಿದ್ದಳು. ಅದೇ ಮಧ್ಯಾಹ್ನ ನೆರೆಮನೆಯವನೊಬ್ಬ ಬಂದು, ಭಾನುವಾರ ಬಕೆಟ್ಟು ಬಾರಿಸುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿಹೋದ. ಅವತ್ತು ನಾವು ಬಕೆಟ್ಟು ಮುಟ್ಟಿಯೇ ಇರಲಿಲ್ಲ. ಮುಂಚಿತವಾಗಿಯೇ ಹೇಳಿಹೋಗೋಣವೆಂದು ಬಂದಿದ್ದನಂತೆ.

ಐದನೆಯ ವಾರ: ಅಲಾಯಿ ಹೆಜ್ಜೆ

ಬಕೆಟ್ಟು ಮರೆಸಲಿಕ್ಕೇ ಮೂರು ವಾರ ಹಿಡಿಯಿತು. ಆ ಮೂರು ವಾರ ರಾಜಾಸಾಬರು ಬೇಲಿಯ ಮೇಲೆ ಕೂತು ಕುದುರೆಯನ್ನು ನೋಡುವುದು ಬಿಟ್ಟು ಹೆಲ್ಗಾಳ ಬೆನ್ನನ್ನು ನೋಡತೊಡಗಿದರು. ಹೈನ್ರಿಷ್ ಕೆಮ್ಮಿ ಸೂಚನೆ ಕೊಟ್ಟ. ನಾನೂ ಕೆಮ್ಮಿದೆ. ಅವರು ಕದಲಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ನನ್ನನ್ನು ಕರೆದು ಹೇಳಿದರು: "ಡಾಕ್ಟರ್ ಸಾಬ್, ತಪ್ಪು ಕುದುರಿದಲ್ಲರಿ. ಕಾಲು ಬದಲಸೂ ಜಾಗಾ ಬಂತಂದ್ರ ಹೆಲ್ಗಾ ಬಾಯಾರು ಉಸಿರು ಹಿಡೀತಾರ. ಮಣಕಾಲು ಬಿಗೀತಾರ. ಮ್ಯಾಲ ಕುಂತವ್ರ ಹೆದರಿದ್ರ ಕೆಳಗಿಂದು ಏನ್ ಮಾಡಬೇಕು?"

ನಾನು ಹೇಳಿದೆ. ಹೆಲ್ಗಾ ಕೆಂಪಾದಳು. ಅವಳ ದೇಶದ ಮೂವರು ಗುರುಗಳು ಕುದುರೆಯ ಬೆನ್ನು, ಕುತ್ತಿಗೆ, ಗೊರಸು ಎಲ್ಲ ಅಳೆದಿದ್ದರು. ಇವಳ ಉಸಿರನ್ನು ಯಾರೂ ನೋಡಿರಲಿಲ್ಲ.

"ಬಾಯಾರಿಗೆ ಇಳೀಲಿಕ್ಕೆ ಹೇಳ್ರಿ. ಅಲಾಯಿ ಹೆಜ್ಜಿ ಕಲಸೂಣು."

ಮೊಹರಮ್ಮಿನಲ್ಲಿ ನಮ್ಮ ಊರುಗಳಲ್ಲಿ ಬೆಂಕಿಯ ಕುಣಿಯ ಸುತ್ತ ಹಾಕುವ ಹೆಜ್ಜೆ ಅದು. ಹಿಂದೂ, ಮುಸ್ಲಿಮ್ ಎಂದು ಅದರಲ್ಲಿಲ್ಲ. ನಾನೂ ಹುಡುಗನಾಗಿದ್ದಾಗ ಹಾಕಿದವನೇ. ಮೂರು ಹೆಜ್ಜೆ ಮುಂದೆ, ಒಂದು ಸಣ್ಣ ನೆಗೆತ, ಆ ನೆಗೆತದಲ್ಲೇ ಕಾಲು ಬದಲು. ಉಸಿರು ಹಿಡಿದರೆ ಕಾಲು ತೊಡರುತ್ತದೆ, ಬಿಟ್ಟರೆ ತಾನಾಗಿ ಬರುತ್ತದೆ. ಹೀಗೆ ಜರ್ಮನಿಯ ಆ ಮರಳಿನ ಅಂಗಳದಲ್ಲಿ ಗಂಗಾವತಿಯ ರಾಜಾಸಾಬರು ಮುಂದೆ, ಮೊಣಕಾಲಿನವರೆಗೆ ಬೂಟು ಹಾಕಿದ ಹೆಲ್ಗಾ ನಡುವೆ, ದನದ ಡಾಕ್ಟರು ಹಿಂದೆ, ಸುತ್ತು ಹಾಕತೊಡಗಿದೆವು. ಫಾಲ್ಕೊ ಬಾಗಿಲ ಮೇಲೆ ತಲೆ ಇಟ್ಟು ನೋಡುತ್ತಿತ್ತು. ಹೈನ್ರಿಷ್ ಮನೆಯೊಳಗೆ ಹೋಗಿ ಪರದೆ ಎಳೆದುಕೊಂಡ.

ಎಂಟು ದಿನ ನೆಲದ ಮೇಲೆ. ಒಂಬತ್ತನೆಯ ದಿನ ಕುದುರೆಯ ಮೇಲೆ. ಅಂಗಳದ ಓರೆಗೆ ಓಡುತ್ತ ಬಂದವಳು ನಡುವಿನಲ್ಲಿ ಉಸಿರು ಬಿಟ್ಟಳು. ಅವಳ ಕಾಲು ಕುದುರೆಯನ್ನು ನೊಣ ಕೂತಷ್ಟು ಹಗುರಾಗಿ ಮುಟ್ಟಿತು. ಫಾಲ್ಕೊ ಬದಲಿಸಿತು. ಮತ್ತೊಮ್ಮೆ ಬದಲಿಸಿತು. ಸದ್ದಿಲ್ಲ, ಒದೆತವಿಲ್ಲ. ನಾನು ಅಲ್ಲೇ ಒಬ್ಬನೇ ಇನ್ನೊಂದು ಅಲಾಯಿ ಸುತ್ತು ಹಾಕಿದೆ, ಸುಳ್ಳು ಹೇಳುವುದಿಲ್ಲ. ರಾಜಾಸಾಬರು ಮಾತ್ರ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹಿಂಗಿರಬೇಕು" ಎಂದರು.

ಕೊಳ್ಳುವವನು ಬಂದ ದಿನ

ಫಾಲ್ಕೊ ಕಲಿಯದಿದ್ದರೆ ಮಾರುತ್ತೇನೆ ಎಂದಿದ್ದ ಹೈನ್ರಿಷ್. ಕಲಿತರೆ ಏನು ಮಾಡುತ್ತಾನೆಂದು ನಾವ್ಯಾರೂ ಕೇಳಿರಲಿಲ್ಲ. ಕಲಿತ ಕುದುರೆಗೆ ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆಂದು ಅವನು ಕಾಫಿ ಕುಡಿಯುತ್ತ ಹೇಳಿದ. ಹಾಗೆಯೇ ಖುಷಿಯಲ್ಲಿ ರಾಜಾಸಾಬರಿಗೆ ಏನು ಬೇಕೆಂದು ಕೇಳಿದ. ಅವರು ಬೇಡಿದ್ದು ಒಂದೇ: ಈ ಕುದುರೆಗೆ ಕಲಿಸಿದವನು ಗಂಗಾವತಿಯ ರಾಜಾಸಾಬ್ ಎಂದು ಬರೆದು ಮೊಹರು ಒತ್ತಿದ ಒಂದು ಕಾಗದ. ಚೌಕಟ್ಟು ಹಾಕಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕುವುದು. ಮಾರಾಟ ಮುಗಿದ ದಿನವೇ ಕೊಡುವುದಾಗಿ ಹೈನ್ರಿಷ್ ಒಪ್ಪಿದ. ಅವತ್ತೇ ರಾಜಾಸಾಬರು ಮನೆಗೆ ನನ್ನ ಕೈಯಿಂದ ಕಾಗದ ಬರೆಸಿದರು, ಗೋಡೆಗೆ ಮೊಳೆ ಹೊಡೆದಿಡಿ ಎಂದು.

ಹೆಲ್ಗಾ ಅಳಲಿಲ್ಲ. ಲಾಯದಲ್ಲಿ ಕೂತು ಒಂದೇ ಲಗಾಮನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು. ನನಗೆ ನೋಡಲಾಗಲಿಲ್ಲ.

ಸಂಜೆ ನಾನು ರಾಜಾಸಾಬರಿಗೆ ಹೇಳಿದೆ: "ನಾಳೆ ಅವನು ಬಂದು ಹೆಂಗ ಕೂಡಬೇಕಂತ ಕೇಳಿದ್ರ, ಸ್ವಲ್ಪ ತಪ್ಪು ಹೇಳ್ರಿ. ಕುದುರಿ ಇಲ್ಲೇ ಉಳೀತೈತಿ."

ಅವರು ನನ್ನನ್ನು ಹೊಸಬನನ್ನು ನೋಡಿದಂತೆ ನೋಡಿದರು. "ಕುದುರಿ ಉಳೀಲಿ ಅಂತ ನನಗ ಇಲ್ಲಂತ ತಿಳಕೊಂಡ್ರೇನು? ಆದ್ರ ನನ್ನ ಉಸ್ತಾದ್ ಕೈಮ್ಯಾಲೆ ಕೈ ಇಡಿಸಿ ಮಾತು ತಗೊಂಡಾನ್ರಿ. ಕಲಿಯಾಕ ಬಂದವಗ ವಿದ್ಯಾ ತಪ್ಪಿಸಿ ಹೇಳಬಾರದು. ವೈರಿ ಇದ್ರೂ."

ಗಿರಾಕಿ ಮರುದಿನ ಬಂದ. ಹೊಳೆಯುವ ಬೂಟು, ಹೊಳೆಯುವ ಕಾರು, ಮುಖವೂ ಸ್ವಲ್ಪ ಹೊಳೆಯುತ್ತಿತ್ತು. ಹತ್ತಿ ಓಡಿಸಿದ. ಫಾಲ್ಕೊ ಒಂದು ಸಲ ಬದಲಿಸಿತು, ಇನ್ನೊಂದು ಸಲ ತಡಮಾಡಿತು. ಅವನು ಬೇಲಿಯ ಹತ್ತಿರ ಬಂದು, ಭಾರತದಿಂದ ಬಂದ ಗುರುಗಳ ರಹಸ್ಯವೇನೆಂದು ಇಂಗ್ಲಿಷಿನಲ್ಲಿ ಕೇಳಿದ. ಹಣೆಗೆ ಭಸ್ಮವೊಂದೇ ಕಡಿಮೆ, ಅಷ್ಟು ಭಕ್ತಿ.

ರಾಜಾಸಾಬರು ಎದ್ದು ನಿಂತು, ಒಂದೊಂದೇ ಮಾತನ್ನು ನಿಧಾನವಾಗಿ ಹೇಳಿದರು: "ಮಣಕಾಲು ಸಡಲ ಬಿಡಂತ ಹೇಳ್ರಿ. ಮೊದಲ ತಯಾರಿ ಮಾಡಬಾರದು. ಜಾಗಾ ಬಂದಾಗ ಉಸಿರು ಬಿಡಬೇಕು. ಕಾಲು ಮುಟ್ಟಿದ್ದು ಕುದುರಿಗಷ್ಟ ಗೊತ್ತಾಗಬೇಕು."

ನಾನು ಹೆಲ್ಗಾಳ ಕಡೆ ನೋಡಿದೆ. ಆಮೇಲೆ ಗಿರಾಕಿಗೆ ಹೇಳಿದೆ: ಮೊಣಕಾಲು ಬಿಗಿಯಾಗಿ ಒತ್ತಬೇಕು. ನಾಲ್ಕು ನೆಗೆತ ಮೊದಲೇ ತಯಾರಾಗಬೇಕು. ಉಸಿರನ್ನು ಎದೆ ತುಂಬ ಎಳೆದು ಹಿಡಿದುಕೊಳ್ಳಬೇಕು. ಕಾಲನ್ನು ಜೋರಾಗಿ ಒತ್ತಬೇಕು.

ಅವನು ಅದನ್ನು ಶ್ರದ್ಧೆಯಿಂದ ಪಾಲಿಸಿದ. ಜರ್ಮನ್ನರ ಶ್ರದ್ಧೆಯ ಬಗ್ಗೆ ಕೇಳಿದ್ದೆಲ್ಲ ನಿಜ. ಮೊದಲ ಸಲಕ್ಕೆ ಫಾಲ್ಕೊ ಹಿಂಗಾಲು ಮರೆಯಿತು. ಎರಡನೆಯ ಸಲಕ್ಕೆ ಒದೆಯಿತು. ಮೂರನೆಯ ಸಲಕ್ಕೆ ಗಿರಾಕಿಯ ಹೊಳಪೆಲ್ಲ ಮರಳಿನಲ್ಲಿತ್ತು. ಅವನು ಎದ್ದು, ಕೊಡವಿಕೊಂಡು, ಹೈನ್ರಿಷ್‌ಗೆ ಜರ್ಮನ್ ಭಾಷೆಯಲ್ಲಿ ದೀರ್ಘವಾಗಿ ಏನೋ ಹೇಳಿದ. ನಮ್ಮ ಕಡೆ ಬೆರಳು ತೋರಿಸಿದ. ಕಾರು ಹತ್ತಿ ಹೋದ.

ಹೈನ್ರಿಷ್ ಬಂದು ನನಗೆ ಎರಡು ಮಾತು ಹೇಳಿದ. ಹೆಲ್ಗಾಳನ್ನು ಬಿಟ್ಟು ಯಾರಿಗೂ ಬಗ್ಗದ ಕುದುರೆಯನ್ನು ಯಾರಿಗೂ ಮಾರಲಾಗದು, ಅದು ಅವಳ ಹತ್ತಿರವೇ ಇರಲಿ ಎನ್ನುವುದು ಒಂದು. ನಿಮ್ಮ ಈ ಮುದುಕನ ವಿದ್ಯೆ ಬರೀ ತಮಾಷೆ, ಅದಕ್ಕೆ ತಾನು ಮೊಹರು ಒತ್ತುವುದಿಲ್ಲ ಎನ್ನುವುದು ಇನ್ನೊಂದು. ಹೆಲ್ಗಾ ಫಾಲ್ಕೊನ ಕುತ್ತಿಗೆಗೆ ಬಿದ್ದು ಅಳುತ್ತಿದ್ದಳು. ಅವಳು ಅಳುವುದನ್ನು ಅವತ್ತೇ ನೋಡಿದ್ದು.

"ಏನಂದಾರ್ರಿ?" ಎಂದು ರಾಜಾಸಾಬರು ಕೇಳಿದರು.

ನಾನು ಮೊದಲನೆಯ ಮಾತನ್ನು ಮಾತ್ರ ಹೇಳಿದೆ.

ಅವರು ಮರಳಿನಲ್ಲಿ ಗಿರಾಕಿ ಬಿದ್ದ ಗುರುತನ್ನು ನೋಡಿದರು. "ಆ ಮನಶ್ಯಾನ ಮಣಕಾಲು ನಾ ನೋಡೀನ್ರಿ ಡಾಕ್ಟರ್ ಸಾಬ್. ನಾ ಹೇಳಿದ್ದು ಅವಗ ಮುಟ್ಟಿಲ್ಲ." ಅಷ್ಟೇ ಅಂದರು. ಹೊರಡುವವರೆಗೆ, ಊಟಕ್ಕೆ ಬರ್ರಿ, ಬ್ಯಾಗ್ ತಗೋರಿ ಎನ್ನುವುದು ಬಿಟ್ಟು ಅವರು ನನ್ನೊಂದಿಗೆ ಬೇರೆ ಮಾತು ಆಡಲಿಲ್ಲ.

ಕೊಪ್ಪಳ ಸ್ಟೇಶನ್ನು

ಪರದೇಶದಿಂದ ಬಂದವನಿಗೆ ತನ್ನ ಊರು ಸಣ್ಣದಾಗಿ ಕಾಣುತ್ತದಂತೆ. ನನಗೆ ಕೊಪ್ಪಳ ಸ್ಟೇಶನ್ನು ಬಹಳ ದೊಡ್ಡದಾಗಿ, ತುಂಬ ಬೆಳಕಾಗಿ, ಎಲ್ಲಿಯೂ ಅಡಗಿಕೊಳ್ಳಲು ಜಾಗವಿಲ್ಲದಂತೆ ಕಂಡಿತು. ಟಾಂಗಾದವರು, ಗಂಗಾವತಿಯಿಂದ ಬಂದ ನೆಂಟರು, ಒಬ್ಬ ಹಲಗೆಯವನು ಕೂಡ ಕಾಯುತ್ತಿದ್ದರು. ಹಾರ ಹಾಕಿದರು.

ಒಬ್ಬ ವಯಸ್ಸಾದ ಟಾಂಗಾದವನು ಕೇಳಿದ: "ಕಾಗದ ತೋರಸ್ರಿ ಉಸ್ತಾದ್. ಮೊಳಿ ಹೊಡದು ಕುಂತೀವಿ."

ನಾನು ಬಾಯಿ ತೆರೆದೆ. ಕುದುರೆ ಕಲಿತಿತು, ಇವರೇ ಕಲಿಸಿದರು, ಕೆಡಿಸಿದವನು ನಾನು. ಹೇಳಬೇಕಾದದ್ದು ಇಷ್ಟೇ. ಅದನ್ನು ಯಾವ ಭಾಷೆಗೂ ತಿರುಗಿಸಬೇಕಾಗಿರಲಿಲ್ಲ.

ರಾಜಾಸಾಬರು ನನ್ನ ಮುಖ ನೋಡಿದರು. ಆಮೇಲೆ ಕೊರಳಿನ ಹಾರ ತೆಗೆದು ಕೈಗೆ ಸುತ್ತಿಕೊಳ್ಳುತ್ತ ನಕ್ಕರು.

"ಕೊಡಲಿಲ್ಲೋ ಯಪ್ಪಾ. ಆ ಕುದುರಿ ನನ್ನ ಕೈಲೆ ಕಲೀಲಿಲ್ಲ. ಡಾಕ್ಟರ್ ಸಾಬರು ಭಾಳ ತ್ರಾಸು ತಗೊಂಡ್ರು, ಪಾಪ. ನನಗ ಬರಲಿಲ್ಲ."

ಹಲಗೆಯವನು ಬಾರಿಸುವುದನ್ನು ನಿಲ್ಲಿಸಿದ. ನಾನು ತೆರೆದ ಬಾಯಿ ಮುಚ್ಚಿ ಸೂಟ್‌ಕೇಸ್ ಎತ್ತಿಕೊಂಡೆ.